ಹನ್ನೆರಡನೆಯ ಸದ್ದು

ಹಟ್ಟಿಯ ಕ್ಯಾಂಪಿನಲ್ಲಿ ನಮ್ಮ ಕ್ವಾರ್ಟರ್ಸಿನ ಗೋಡೆಗೆ ಗೋಡೆ ಹತ್ತಿ
ಹುಸೇನಪ್ಪನ ಮನೆ. ಮೂವತ್ತೊಂದು ವರ್ಷ
ಗಣಿಯೊಳಗೆ ಮದ್ದು ಹಾರಿಸಿದವ.
ಎಡಗಿವಿ ಕೇಳಿಸದು. ಬಲಗಿವಿ, ಅವನೇ ಹೇಳುವಂತೆ,
ಕಂಪನಿಯದು; ರಿಟೈರಾದ ದಿನ ಹೊಳ್ಳಿ ಕೊಡಲು ಮರೆತ.

"ಅಕ್ಕೋರ, ರಾತ್ರಿ ಇಡೀ ದೀಪ. ಏನ್ ಬರೀತೀರಿ?"
ಆಗದ ಲೆಕ್ಕಗಳ ಬಗ್ಗೆ, ಎಂದೆ.
"ಆಗದ್ದು ಅಂದಮ್ಯಾಲೆ ಮುಗೀತಲ್ರಿ, ಮಲಕೋರಿ."
ಆಗದ್ದರಲ್ಲೂ ಮೆಟ್ಟಿಲಿದೆ, ಹುಸೇನಪ್ಪ,
ಒಂದಕ್ಕಿಂತ ಒಂದು ಆಗದ್ದು.
ಬೀಡಿ ಆರಿಸಿದ. ಕಟ್ಟೆಯ ಮೇಲೆ ಕೂತ.

ಹನ್ನೆರಡು ತೂತು ಕೊರೆದು, ಹನ್ನೆರಡಕ್ಕೂ ಮದ್ದು ತುಂಬಿ,
ಬತ್ತಿ ಹಚ್ಚಿ, ತಿರುವಿನಾಚೆ ಓಡಿ ಬಂದು
ಬಂಡೆಗೆ ಬೆನ್ನು ಕೊಟ್ಟು ಎಣಿಸಬೇಕು.
ಒಂದು. ಎರಡು. ಮೂರು ನಾಲ್ಕು ಒಟ್ಟಿಗೇ. ಐದು.
ಹೀಗೇ
ಹನ್ನೊಂದು.
ಆಮೇಲೆ ಹೊಗೆ. ಆಮೇಲೆ ಎಲ್ಲೋ ನೀರು ತೊಟ್ಟಿಕ್ಕುವುದು.
"ಹಾರಿದ್ರ ಗೊತ್ತಾಗತೈತಿ. ಹಾರೂದಿಲ್ಲ ಅಂಬೋದು
ಯಾವತ್ತು ಗೊತ್ತಾಗತೈತಿ, ನೀವ ಹೇಳ್ರಿ."

ನಾನು ಪುಸ್ತಕ ಮುಚ್ಚಿದೆ.
ನಿಲ್ಲುವ ಯಂತ್ರ ನಿಂತು ಹೇಳುತ್ತದೆ.
ನಿಲ್ಲದ್ದು, ಈಗ ನಿಂತೇನು, ಇನ್ನೇನು ನಿಂತೇನು
ಎಂಬ ಮುಖ ಹೊತ್ತೇ ಓಡುತ್ತಿರುತ್ತದೆ.
ಇಷ್ಟು ತಿಳಿಯಲು ನನಗೆ ಎರಡು ವರ್ಷ, ಒಂದು ಸ್ಕಾಲರ್‌ಶಿಪ್ಪು,
ರಾಯಚೂರು ಬಸ್ಸಿನಲ್ಲಿ ನಿಂತೇ ಹೋದ ಎಷ್ಟೋ ಬೆಳಗು.
ಅವನಿಗೆ ಒಂದು ಕಿವಿ.

"ಅರ್ಧ ತಾಸು ಕಾಯಬೇಕಂತ ಕಾನೂನು."
ಅರ್ಧ ತಾಸಿಗೆ ಉತ್ತರ ಸಿಗುತ್ತದೆಯೇ?
"ಉತ್ತರ ಯಾರ್ ಕೊಡ್ತಾರ? ಒಳಗ ಹೋಗಾಕ
ಧೈರ್ಯ ಬರತೈತಿ, ಅಷ್ಟ."

ಮೌಲಾಸಾಬನ ಮಾತು ಬಂದದ್ದು ಎರಡನೆಯ ಚಹಾಕ್ಕೆ.
ಅವನ ಕೈಯಲ್ಲಿ ಕಬ್ಬಿಣದ ಸಲಾಕೆ. ಸುರಂಗದ ಛತ್ತು ತಟ್ಟಿ ಕೇಳುವವ.
ಗಣ್ಣೆಂದರೆ ಗಟ್ಟಿ. ಬದ್ದೆಂದರೆ ಓಡು.
ಮದ್ದಿನ ಭಾಷೆ ಅವನಿಗೆ ಬಾರದು, ಬಂಡೆಯದು ಇವನಿಗೆ.
ಹತ್ತೊಂಬತ್ತು ವರ್ಷ ಒಂದೇ ಬುತ್ತಿ ಬಿಚ್ಚಿ ಉಂಡರು;
ಇವನ ಅರಿವನ್ನೆಲ್ಲ ಸುರಿದರೂ ಅವನ ಪ್ರಶ್ನೆ ನೆನೆಯದು,
ಅವನದನ್ನು ಸುರಿದರೂ ಇವನದು.
ಇಬ್ಬರಲ್ಲಿ ಯಾರು ಮೇಲು? ಗೊತ್ತಿದ್ದೂ ಕೇಳಿದೆ.
"ಬಾಜೂಕ ಬಾಜೂಕ ಕುಂಡ್ರತಿದ್ವಿ."

ಇದಕ್ಕೆ ನನ್ನ ಹಾಳೆಗಳಲ್ಲಿ ಒಂದು ಪ್ರಮೇಯವಿದೆ.
ಅದನ್ನು ಕಟ್ಟುವಾಗ ಒಬ್ಬನ ಬೇಡಿಕೆ ತೀರಿಸಲು
ಇನ್ನೊಬ್ಬನದು ಕೆಡಬೇಕು, ಮತ್ತೆ ಕಟ್ಟಬೇಕು, ಮತ್ತೆ ಕೆಡಬೇಕು.
ಗಾಯ ಎಂದೇ ಅದರ ಹೆಸರು.
ಎಷ್ಟು ಸಲ ಆದರೂ ಒಂದು ದಿನ ನಿಲ್ಲುವ ಗಾಯ.
ಹುಸೇನಪ್ಪನಿಗೆ ಇದನ್ನು ಹೇಳಲಿಲ್ಲ.
ಮೌಲಾಸಾಬನಿಗಾದದ್ದು ಒಂದೇ ಸಲ.

ಬೇರೆ ಮಾತು ತೆಗೆದೆ. ಅಂದುಕೋ, ಒಬ್ಬ ಸಿಕ್ಕ,
ಎಲ್ಲ ತೂತುಗಳ ಗುಟ್ಟು ಬಲ್ಲವ.
ಹಾರುತ್ತದೆ, ಹಾರದು, ಕೇಳಿದ ಕೂಡಲೇ ಹೇಳುತ್ತಾನೆ.
"ಅಂಥವ ಇದ್ರ ನನಗೇನ್ ಕೆಲಸ?"
ಅವನನ್ನು ಕೇಳಿ ಕೇಳಿ ಹೆಜ್ಜೆ ಇಡುವವನು
ಎಂದಾದರೂ ನಿಲ್ಲುತ್ತಾನೋ ಇಲ್ಲವೋ,
ಅದು ಅವನಿಗೂ ತಿಳಿಯದು.
ಅದನ್ನು ಬಲ್ಲವನು ಬೇರೊಂದು ಲೆವೆಲ್ಲಿನಲ್ಲಿದ್ದಾನೆ.
ಅವನಿಗೆ ತಿಳಿಯದ್ದನ್ನು ಬಲ್ಲವನು ಅದರಾಚೆಯ ಲೆವೆಲ್ಲಿನಲ್ಲಿ.

ಹುಸೇನಪ್ಪ ನಕ್ಕ, ಹಲ್ಲಿಲ್ಲದ ಕಡೆಯಿಂದ.
"ಎರಡು ಸಾವಿರದ ನಾಲ್ಕುನೂರು ಅಡಿಗೆ ಇಳದು
ಇದ ತಳ ಅಂದ್ವಿ. ಮರುವರ್ಷ
ಅಲ್ಲೇ ನಿಂತು ಕೆಳಗ ಕೊರದ್ರು."

ಪುಸ್ತಕದಲ್ಲಿ ಅದು ಏರುತ್ತದೆ,
ಸೊನ್ನೆಯ ನೆತ್ತಿಗೆ ಒಂದು ಗೀಟು, ಅದರ ಪಕ್ಕ ಇನ್ನೊಂದು.
ಹಟ್ಟಿಯಲ್ಲಿ ಇಳಿಯುತ್ತದೆ. ಇಳಿದಷ್ಟೂ ಸೆಕೆ.

ಆ ಹನ್ನೆರಡನೆಯದು ಏನಾಯಿತು? ಕೊನೆಗೂ ಕೇಳಿದೆ.
ಎರಡನೆಯ ಪಾಳಿಯ ಸೈರನ್ ಕೂಗಿತು.
ಬಲಗಿವಿಯನ್ನು ಆ ಕಡೆ ತಿರುಗಿಸಿ, ಮುಗಿಯುವ ತನಕ ಕೇಳಿ,
ಕಪ್ಪು ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದ.

"ಆ ದಾರಿಗೆ ಗೋಡಿ ಕಟ್ಟಿದ್ರು, ಎಪ್ಪತ್ತಾರರಾಗ.
ಇನ್ನೂ ಹಾರಿಲ್ರಿ."